ತೀರ್ಥಪ್ಪನವರ ಕಣ್ಣು

ಮದುವೆಗಳೇ ಆಗದ ಊರೊಂದು ಎಲ್ಲಾದರೂ ಇದ್ದರೆ ಅಲ್ಲಿಗೆ ಹೋಗಿ ಸ್ಟುಡಿಯೋ ಇಟ್ಟುಬಿಡುತ್ತೇನೆ ಎಂದು ಷಡಕ್ಷರಿ ವರ್ಷಕ್ಕೆ ನಾಲ್ಕು ಸಲವಾದರೂ ಹೇಳುತ್ತಿದ್ದ. ಅಂಥ ಊರಲ್ಲಿ ಹೊಟ್ಟೆಗೇನು ತಿನ್ನುತ್ತೀರಿ ಎಂದು ಹೆಂಡತಿ ವಿಮಲಮ್ಮ ಕೇಳಿದರೆ, ಪಾಸ್‌ಪೋರ್ಟ್ ಸೈಜು ತೆಗೆದುಕೊಂಡು ನೆಮ್ಮದಿಯಾಗಿರುತ್ತೇನೆ, ಅದಕ್ಕೆ ಬಂದವರು ಕೂರು ಅಂದರೆ ಕೂರುತ್ತಾರೆ, ಬಾಯಿ ಮುಚ್ಚು ಅಂದರೆ ಮುಚ್ಚುತ್ತಾರೆ ಎನ್ನುತ್ತಿದ್ದ. ಅಜ್ಜಂಪುರದ ಸ್ಟೇಷನ್ ರಸ್ತೆಯಲ್ಲಿ ಅವನ ಅಂಗಡಿಗೆ ಮೂವತ್ತು ವರ್ಷ ತುಂಬಿತ್ತು, ಅವನಿಗೆ ಐವತ್ತೈದು. ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಕಡೆಯ ಕಲ್ಯಾಣ ಮಂಟಪಗಳಲ್ಲಿ ಯಾವ ಕಿಟಕಿಯಿಂದ ಎಷ್ಟು ಗಂಟೆಗೆ ಬೆಳಕು ಬರುತ್ತದೆ ಎನ್ನುವುದು ಅವನಿಗೆ ಬಾಯಿಪಾಠ. ಆದರೆ ಆ ಹೊತ್ತಿಗೆ ಸರಿಯಾಗಿ ಆ ಕಿಟಕಿಯ ಹತ್ತಿರ ಒಬ್ಬ ಮದುಮಗಳೂ ಬಂದು ನಿಂತ ದಾಖಲೆ ಇರಲಿಲ್ಲ.

ಈ ಸಂಕಟಕ್ಕೆ ಮದ್ದು ಎಂದು ಅವನೊಂದು ಹಾಳೆ ಬರೆದಿದ್ದ. ‘ಮದುವೆ ದಿನ ಫೋಟೋ ಚೆನ್ನಾಗಿ ಬರಬೇಕಾದರೆ’ ಎಂದು ಮೇಲೆ ದಪ್ಪಗೆ ತಲೆಬರಹ. ಹೆಣ್ಣಿನ ಅಲಂಕಾರ ಮುಹೂರ್ತಕ್ಕೆ ಎರಡು ಗಂಟೆ ಮುಂಚೆ ಮುಗಿಯಬೇಕು. ಮನೆಯವರ ಗುಂಪು ಫೋಟೋ ಮುಹೂರ್ತಕ್ಕೆ ಮೊದಲೇ ಆಗಿಹೋಗಬೇಕು. ಯಾರ ಜೊತೆ ಯಾರು ನಿಲ್ಲಬೇಕೆಂದು ಮೊದಲೇ ಪಟ್ಟಿ ಮಾಡಿ, ಮುಖಪರಿಚಯ ಇರುವ ಒಬ್ಬರ ಕೈಗೆ ಕೊಡಬೇಕು. ತಾಳಿ ಕಟ್ಟುವಾಗ ಚಿಕ್ಕಪ್ಪ ದೊಡ್ಡಪ್ಪಂದಿರು ಮೊಬೈಲು ಎತ್ತಿಕೊಂಡು ಅಡ್ಡ ನಿಲ್ಲಬಾರದು. ಊಟಕ್ಕೆ ಮುಂಚೆ ಗಂಡು ಹೆಣ್ಣನ್ನು ಹತ್ತು ನಿಮಿಷ ಅವರ ಪಾಡಿಗೆ ಬಿಡಬೇಕು. ಹೀಗೆ ಹೋಗಿ ಕೊನೆಗೆ, ಅಡಿಗೆರೆ ಎಳೆದು: ಫ್ಲಾಶ್ ಹೊಡೆಯುವಾಗ ಯಾರೂ ಕಣ್ಣು ಮುಚ್ಚಬಾರದು. ಗಡಿಬಿಡಿ ಇಲ್ಲದ ಮದುವೆಯಲ್ಲಿ ಮಾತ್ರ ಒಳ್ಳೆಯ ಫೋಟೋ ಸಿಗುತ್ತದೆ ಎನ್ನುವುದು ಅವನ ಜೀವಮಾನದ ತತ್ವ. ಆ ಹಾಳೆಯನ್ನು ಇನ್ನೂರು ಜೆರಾಕ್ಸ್ ಮಾಡಿಸಿ ಮದುವೆ ಮಾತಾಡಲು ಬಂದವರಿಗೆಲ್ಲ ಕೊಡುತ್ತಿದ್ದ. ಹೋದ ವರ್ಷ ಲಿಂಗದಹಳ್ಳಿಯ ಮದುವೆಯೊಂದರಲ್ಲಿ ಕುಂಕುಮದ ಪೊಟ್ಟಣ ಕೈಗೆ ಬಂದಾಗ ಬಿಚ್ಚಿ ನೋಡುತ್ತಾನೆ, ಅವನದೇ ಹಾಳೆ. ಎಷ್ಟು ನೀಟಾಗಿ ಕತ್ತರಿಸಿದ್ದರೆಂದರೆ ‘ಅಡ್ಡ ನಿಲ್ಲಬಾರದು’ ಎನ್ನುವ ಸಾಲು ಪೂರ್ತಿ ಉಳಿದಿತ್ತು. ಆ ಪೊಟ್ಟಣವನ್ನು ಮನೆಗೆ ತಂದು ವಿಮಲಮ್ಮನ ಮುಂದೆ ಹಿಡಿದು, “ನೋಡು, ನನ್ ಬರವಣಿಗೆ ಕೊನೆಗೂ ಮುತ್ತೈದೇರ ಹಣೆಗಾದ್ರೂ ತಲುಪ್ತು” ಎಂದು ಹಲ್ಲು ಕಡಿದಿದ್ದ.

ಹಿಂದೆ ಈ ಕಷ್ಟ ಇರಲಿಲ್ಲವೇ ಎಂದರೆ ಇತ್ತು, ಬೇರೆ ಥರ ಇತ್ತು. ಆಗ ರೀಲಿನ ಕಾಲ. ಒಂದು ಮದುವೆಗೆ ಎರಡು ರೀಲು, ಎರಡೂ ಸೇರಿ ಎಪ್ಪತ್ತೆರಡು ಫೋಟೋ. ಮುಯ್ಯಿ ಹಾಕಲು ಸಾಲು ನಿಲ್ಲುವವರು ಎಂಟುನೂರು ಜನ, ಎಲ್ಲರಿಗೂ ಹೆಣ್ಣುಗಂಡಿನ ಪಕ್ಕ ನಿಂತು ಫ್ಲಾಶ್ ಹೊಡೆಸಿಕೊಳ್ಳದೆ ಕೆಳಗಿಳಿಯುವ ಮನಸ್ಸಿಲ್ಲ. ಅದಕ್ಕೆ ತರೀಕೆರೆಯಲ್ಲಿ ಅವನಿಗೆ ಕೆಲಸ ಕಲಿಸಿದ ಗುರು ಒಂದು ಉಪಾಯ ಹೇಳಿಕೊಟ್ಟಿದ್ದ. ಫ್ಲಾಶಿನ ಬೆನ್ನಿಗೆ ಒಂದು ಸಣ್ಣ ಗುಂಡಿ ಇರುತ್ತಿತ್ತು. ಅದನ್ನು ಹೆಬ್ಬೆರಳಲ್ಲಿ ಒತ್ತಿದರೆ ಬೆಳಕು ಮಾತ್ರ ಹೊಡೆಯುತ್ತದೆ, ಒಳಗೆ ಫಿಲ್ಮು ಅಲ್ಲಾಡುವುದಿಲ್ಲ. ನಿಂತವರಿಗೆ ಖುಷಿ, ರೀಲಿಗೆ ಉಳಿತಾಯ. ಖಾಲಿ ಫ್ಲಾಶು ಎಂದು ಅದಕ್ಕೆ ಹೆಸರು. ಯಾರಿಗೆ ಖಾಲಿ ಎನ್ನುವುದಕ್ಕೂ ಗುರುವಿನ ಲೆಕ್ಕ ಇತ್ತು: ದೂರದ ನೆಂಟರು, ಗುಂಪಿನಲ್ಲಿ ನುಗ್ಗುವ ಮಕ್ಕಳು, ಹೆಗಲ ಮೇಲೆ ಟವೆಲು ಹಾಕಿಕೊಂಡ ಅಡಿಗೆಯವರು, ಬಡಿಸುವವರು. ಆಮೇಲೆ ಯಾರಾದರೂ ನಮ್ಮ ಫೋಟೋ ಎಲ್ಲಿ ಎಂದು ಕೇಳಿಕೊಂಡು ಬಂದರೆ ಒಂದೇ ಉತ್ತರ. ಕಣ್ಣು ಮುಚ್ಚಿಬಿಟ್ಟಿದ್ರಿ, ಅದಕ್ಕೇ ಪ್ರಿಂಟು ಹಾಕಲಿಲ್ಲ. ಕೇಳಿದವರು ನಾಚಿಕೊಂಡು ವಾಪಸ್ಸು ಹೋಗುತ್ತಿದ್ದರು, ಒಬ್ಬರೂ ಜಗಳ ಆಡಿದ್ದಿಲ್ಲ. ಷಡಕ್ಷರಿಗೆ ಈ ವಿದ್ಯೆ ಎಷ್ಟು ಚೆನ್ನಾಗಿ ಹತ್ತಿತ್ತೆಂದರೆ ಎದುರು ಯಾರಿದ್ದಾರೆಂದು ತಲೆ ಯೋಚಿಸುವ ಮೊದಲೇ ಹೆಬ್ಬೆರಳು ತೀರ್ಮಾನ ಮಾಡಿಬಿಡುತ್ತಿತ್ತು. ಡಿಜಿಟಲ್ ಬಂದ ಮೇಲೆ ಗುಂಡಿಗೆ ಕೆಲಸ ಹೋಯಿತು, ಅದರ ನೆನಪೂ ಹೆಚ್ಚುಕಡಿಮೆ ಹೋಯಿತು.

ಈ ಜನವರಿಯಲ್ಲಿ ಕಡೂರಿನಿಂದ ಯಶೋದಾ ಎನ್ನುವಾಕೆ ಮಗಳು ಅಶ್ವಿನಿಯನ್ನು ಕರೆದುಕೊಂಡು ಅಂಗಡಿಗೆ ಬಂದಳು. ಗಂಡ ಓಂಕಾರೇಶ್ ಕಡೂರಿನಲ್ಲಿ ಕೊಬ್ಬರಿ ವ್ಯಾಪಾರಿ. ಮಗಳ ಮದುವೆ ತರೀಕೆರೆಯ ಮಂಟಪದಲ್ಲಿ, ಏಪ್ರಿಲಿನಲ್ಲಿ. ಕಡೂರಿನಲ್ಲೇ ಡ್ರೋನು ಹಾರಿಸುವ ಹುಡುಗರ ದಂಡೇ ಇರುವಾಗ ಇಷ್ಟು ದೂರ ಯಾಕೆ ಬಂದಿರಿ ಎಂದು ಷಡಕ್ಷರಿ ಕೇಳಿದ.

“ನನ್ ಮದುವೆಗೂ ನೀವೇ ತೆಗೆದಿದ್ದು. ತೊಂಬತ್ತೆಂಟ್ರಲ್ಲಿ, ಇಲ್ಲೇ ಅಜ್ಜಂಪುರದಲ್ಲಿ. ಇವಳ್ದೂ ನಿಮ್ಮತ್ರಾನೇ ಆಗ್ಬೇಕು ಅಂತ ಆವಾಗ್ಲೇ ಅಂದ್ಕೊಂಡಿದ್ದೆ” ಎಂದಳು ಯಶೋದಾ.

ಇಪ್ಪತ್ತೇಳು ವರ್ಷದ ಹಿಂದಿನ ಕೆಲಸವನ್ನು ನೆನಪಿಟ್ಟುಕೊಂಡು ಬಂದಿದ್ದಾರಲ್ಲ ಎಂದು ಷಡಕ್ಷರಿಯ ಎದೆ ಉಬ್ಬಿತು. ಅದರ ಮೇಲೆ ಆಕೆ ಇನ್ನೊಂದು ಪವಾಡ ಮಾಡಿದಳು. ಅವನು ಕೊಟ್ಟ ಹಾಳೆಯನ್ನು ಕನ್ನಡಕ ಹಾಕಿಕೊಂಡು ಮೊದಲಿನಿಂದ ಕೊನೆಯವರೆಗೂ ಓದಿದಳು. ಮಗಳಿಗೂ ಓದಿ ಹೇಳಿದಳು. ಪೆನ್ನು ಇಸಿದುಕೊಂಡು ಕೆಲವು ಕಡೆ ಗೆರೆ ಎಳೆದಳು. ಕೊನೆಯ ಸಾಲಿಗೆ ಬಂದಾಗ ಮಾತ್ರ ಪೆನ್ನು ಕೆಳಗಿಟ್ಟು, “ಈಗಿನ ಕ್ಯಾಮೆರಾದಲ್ಲಿ ತೆಗೆದ ತಕ್ಷಣ ನೋಡ್ಬೋದಲ್ವಾ?” ಎಂದು ಕೇಳಿದಳು.

“ನೋಡ್ಬೋದು, ಅದಕ್ಕೇನಂತೆ. ಧಾರಾಳವಾಗಿ ನೋಡಿ” ಎಂದ ಷಡಕ್ಷರಿ. ಆ ಮಾತು ತನ್ನ ಕುತ್ತಿಗೆಗೆ ಬರುತ್ತದೆಂದು ಅವನಿಗೆ ಹೇಗೆ ಗೊತ್ತಾಗಬೇಕು.

ಮದುವೆಗೆ ಮುಂಚಿನ ಫೋಟೋಗೆಂದು ಒಂದು ಭಾನುವಾರ ಅಮೃತಾಪುರಕ್ಕೆ ಹೋದರು. ಅಶ್ವಿನಿ ಬಿ.ಎಡ್ ಮುಗಿಸಿದ ಹುಡುಗಿ, ತನಗೆ ಬೇಕಾದ್ದನ್ನು ಸ್ಪಷ್ಟವಾಗಿ ಹೇಳಿದಳು. “ಅಂಕಲ್, ನಾವು ನೋಡ್ದೇ ಇರೋವಾಗ ನೀವು ತೆಗೀಬೇಕು. ಆದ್ರೆ ಚೆನ್ನಾಗ್ ಕಾಣ್ಬೇಕು.” ಹಾಗೇ ಆಗಲಿ ಎಂದು ಷಡಕ್ಷರಿ ಜೋಡಿಯನ್ನು ಹೊಲದ ಬದುವಿನ ಮೇಲೆ ಮಾತಾಡುತ್ತಾ ನಡೆಯಲು ಬಿಟ್ಟು ದೂರದಿಂದ ಹಿಡಿಯತೊಡಗಿದ. ಬೆಳಕು ಮೆತ್ತಗಿತ್ತು, ಹುಡುಗ ಏನೋ ಹೇಳಿದ, ಹುಡುಗಿ ನಕ್ಕಳು. ಕ್ಲಿಕ್ ಎಂದಿತು. ಕಿವಿಯ ಪಕ್ಕದಲ್ಲೇ “ತೋರ್ಸಿ” ಎಂಬ ಧ್ವನಿ ಬಂತು. ಯಶೋದಾ! ಕಾರಿನಲ್ಲಿ ಕೂತಿರುತ್ತೇನೆ ಎಂದವಳು ಯಾವಾಗ ಬಂದು ಬೆನ್ನಿಗೆ ನಿಂತಳೋ. ಕ್ಯಾಮೆರಾದ ಪರದೆಯನ್ನು ಕೈಯಿಂದ ಮರೆ ಮಾಡಿಕೊಂಡು ನೋಡಿದಳು. “ದೊಡ್ಡದು ಮಾಡಿ. ಇನ್ನೂ. ಇವ್ನ ಕಣ್ಣು ಅರ್ಧ ಮುಚ್ಚಿದೆ, ಇನ್ನೊಂದ್ ತೆಗೀರಿ.” ಆ ಬೆಳಗ್ಗೆ ಷಡಕ್ಷರಿ ನೂರ ನಲವತ್ತು ಫೋಟೋ ತೆಗೆದ, ಆಕೆ ನೂರ ನಲವತ್ತನ್ನೂ ನೋಡಿದಳು. ಬಿಸಿಲು ನೆತ್ತಿಗೆ ಬಂದು ಬೆಳಕು ಕೆಟ್ಟಿತು. ನಗುತ್ತಿದ್ದ ಹುಡುಗ ಹುಡುಗಿ ಒಬ್ಬರ ಮುಖ ಒಬ್ಬರು ನೋಡದ ಹಾಗೆ ಸೋತುಹೋದರು.

“ಹತ್ತಿಪ್ಪತ್ ವರ್ಷದಿಂದ ನನ್ ಹಾಳೆ ಯಾರೂ ಓದ್ಲಿಲ್ಲ ಅಂತ ಬೈಕೋತಿದ್ದೆ. ಓದಿದೋರು ಇಂಥೋರು ಅಂತ ಗೊತ್ತಾಗಿದ್ರೆ ಬರೀತಾನೇ ಇರ್ಲಿಲ್ಲ ಕಣೋ” ಎಂದು ವಾಪಸ್ಸು ಬರುವಾಗ ಹಾಲೇಶನ ಹತ್ತಿರ ಗೋಳು ತೋಡಿಕೊಂಡ. ಹಾಲೇಶ ಅವನ ಜೊತೆ ವೀಡಿಯೋ ಹಿಡಿಯುವವನು, ಆಲ್ಬಂ ಜೋಡಿಸುವವನು, ನಲವತ್ತರ ಆಸಾಮಿ. ಅವನಿಗೆ ಇದೆಲ್ಲ ತಮಾಷೆ.

ಮದುವೆಯ ದಿನ ಷಡಕ್ಷರಿ ಬೆಳಗ್ಗೆ ಆರಕ್ಕೇ ತರೀಕೆರೆಯ ಮಂಟಪದಲ್ಲಿದ್ದ. ಅಲ್ಲಿ ಕಂಡದ್ದನ್ನು ಅವನ ಕಣ್ಣೇ ನಂಬಲಿಲ್ಲ. ಹೆಣ್ಣು ಅಲಂಕಾರ ಮುಗಿಸಿ ಪೂರ್ವದ ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕೂತಿದ್ದಳು. ಹೂವು ತಲೆಗೇರಿತ್ತು. ಗುಂಪು ಫೋಟೋದವರು ಬಾಗಿಲ ಹತ್ತಿರ ಸಾಲಾಗಿ ನಿಂತಿದ್ದರು, ಸಾಲಿನ ತುದಿಯಲ್ಲಿ ಯಶೋದಾ ಪಟ್ಟಿ ಹಿಡಿದು ನಿಂತಿದ್ದಳು. ಮೂವತ್ತು ವರ್ಷದಲ್ಲಿ ಮೊದಲ ಸಲ ಅವನು ಬರೆದದ್ದು ಬರೆದ ಹಾಗೆ ನಡೆದಿತ್ತು. ಕ್ಯಾಮೆರಾ ಎತ್ತಿ ಮದುಮಗಳದೊಂದು ತೆಗೆದ. ಕಿಟಕಿಯ ಬೆಳಕು ಕೆನ್ನೆಯ ಮೇಲೆ, ಅಂಥ ಫೋಟೋ ವರ್ಷಕ್ಕೊಂದು ಸಿಕ್ಕರೆ ಹೆಚ್ಚು.

“ತೋರ್ಸಿ” ಎಂದಳು ಯಶೋದಾ.

ಅಲ್ಲಿಗೆ ಮುಗಿಯಿತು. ಇಪ್ಪತ್ತು ನಿಮಿಷದಲ್ಲಿ ಮುಗಿಯಬೇಕಾದ ಗುಂಪು ಫೋಟೋ ಒಂದು ಗಂಟೆ ಹತ್ತು ನಿಮಿಷ ಎಳೆಯಿತು. ಪ್ರತಿ ಕ್ಲಿಕ್ಕಿಗೂ ಆಕೆ ಬಂದು ಒಬ್ಬೊಬ್ಬರ ಕಣ್ಣನ್ನೂ ಬೆರಳಿಟ್ಟು ಎಣಿಸುತ್ತಿದ್ದಳು. ಸೋದರತ್ತೆ ಕಣ್ಣು ಮುಚ್ಚಿದ್ದಾರೆ, ಇನ್ನೊಂದು. ಈಗ ಭಾವ ಮುಚ್ಚಿದರು, ಇನ್ನೊಂದು. ನಿಂತು ನಿಂತು ಸೋತ ಹಿರಿಯರು ಬೆವರೊರೆಸಿಕೊಳ್ಳುತ್ತಾ ಕಣ್ಣು ಪಿಳುಕಿಸತೊಡಗಿದರೆ ಅದಕ್ಕೂ ಗದರಿಕೆ. ಮುಹೂರ್ತದ ಹೊತ್ತಿಗೆ ವೇದಿಕೆಯ ಮೇಲೇ ಬಂದು ನಿಂತಿದ್ದಳು. ತಾಳಿಯ ಗಂಟು ಬೀಳುತ್ತಿದೆ, ಅಕ್ಷತೆ ಸುರಿಯುತ್ತಿದೆ, ಮೂರು ಜನ ಚಿಕ್ಕಪ್ಪಂದಿರು ಮೊಬೈಲು ಎತ್ತಿಕೊಂಡು ಅಡ್ಡ ನಿಂತಿದ್ದಾರೆ. ಅವರನ್ನು ಮೊಣಕೈಯಿಂದ ಸರಿಸಿ ಹೇಗೋ ಒಂದು ಹಿಡಿದರೆ, ಪಕ್ಕದಿಂದ “ಕಣ್ಣು ನೋಡಿದ್ರಾ?” ಎನ್ನುತ್ತಾಳೆ. ಷಡಕ್ಷರಿ ಹಲ್ಲು ಕಚ್ಚಿಕೊಂಡ. ಅವನ ಹತ್ತು ನಿಮಿಷದ ನೆಮ್ಮದಿಯ ಫೋಟೋ, ಗಂಡು ಹೆಣ್ಣನ್ನು ಅವರ ಪಾಡಿಗೆ ಬಿಟ್ಟು ತೆಗೆಯುವುದು, ಅದಂತೂ ಯಾರ ಬಾಯಲ್ಲೂ ಬರಲಿಲ್ಲ.

ಮಧ್ಯಾಹ್ನ ಮುಯ್ಯಿ ಸಾಲು ಶುರುವಾಯಿತು. ಸಾಲು ಮಂಟಪ ದಾಟಿ ಚಪ್ಪಲಿ ಬಿಡುವ ಜಾಗದ ತನಕ ಬೆಳೆದಿತ್ತು. ಒಬ್ಬರು ಹತ್ತುವುದು, ನಿಲ್ಲುವುದು, ಕ್ಲಿಕ್, ತೋರ್ಸಿ, ಇಳಿಯುವುದು. ಹಸಿದವರು ಗೊಣಗತೊಡಗಿದರು. ಅಶ್ವಿನಿಯ ಮುಖ ಬಾಡಿತ್ತು. ಆ ಹೊತ್ತಿಗೆ ಯಶೋದಾ ಇನ್ನೊಂದು ರಾಗ ತೆಗೆದಳು. ಓಂಕಾರೇಶ್ ಎಲ್ಲಿ? ಊಟದ ಮನೆಯಲ್ಲಿ ಬಡಿಸುತ್ತಿದ್ದಾರೆಂದು ಯಾರೋ ಹೇಳಿದರು. “ಬಡ್ಸೋದ್ ಬಿಟ್ಟು ಬರಕ್ ಹೇಳಿ! ಮಗಳ ಪಕ್ಕ ನಿಂತ್ಕೊಳಕ್ ಹೇಳಿ!” ಎಂದು ಮೈಕಿನವನಿಂದಲೇ ಹೇಳಿಸಿದಳು. ಓಂಕಾರೇಶ್ ಬೆಳಗ್ಗೆಯಿಂದ ಮಗಳ ಜೊತೆ ಇಪ್ಪತ್ತು ಫೋಟೋದಲ್ಲಿ ನಿಂತಾಗಿತ್ತು, ಧಾರೆಯೂ ಎರೆದಾಗಿತ್ತು. ಬಂದ, ನಿಂತ. ಷಡಕ್ಷರಿ ತೆಗೆದ.

“ತೋರ್ಸಿ.”

ಷಡಕ್ಷರಿಗೆ ಸಿಟ್ಟು ನೆತ್ತಿಗೇರಿತು. ಕ್ಯಾಮೆರಾವನ್ನು ಕುತ್ತಿಗೆಯಿಂದ ತೆಗೆದು ಆಕೆಯ ಮುಂದೆ ಹಿಡಿದ. “ತಗೊಳಿ ತಾಯಿ, ನೀವೇ ತೆಗೀರಿ! ಬೆಳಗ್ಗಿಂದ ನೋಡ್ತಾ ಇದೀನಿ, ಇದೇನು ಮದುವೆನೋ ಕಣ್ಣಾಸ್ಪತ್ರೆನೋ? ಮೂವತ್ ವರ್ಷ ಇದೇ ಕೆಲಸ ಮಾಡಿದೀನಿ ಕಣ್ರೀ. ಇಷ್ಟೂ ನಂಬಿಕೆ ಇಲ್ದೋರು ಕಡೂರಿಂದ ನನ್ನ ಯಾಕೆ ಹುಡ್ಕೊಂಡ್ ಬಂದ್ರಿ?”

ಸಾಲಿನಲ್ಲಿದ್ದವರೆಲ್ಲ ಬಾಯಿ ಬಿಟ್ಟುಕೊಂಡು ನೋಡಿದರು. ಯಶೋದಾ ಕೋಪ ಮಾಡಿಕೊಳ್ಳಲಿಲ್ಲ. “ಒಂದ್ ನಿಮಿಷ ಬನ್ನಿ” ಎಂದು ವೇದಿಕೆಯ ಪಕ್ಕದ ಅಲಂಕಾರದ ಕೋಣೆಗೆ ಕರೆದುಕೊಂಡು ಹೋದಳು. ಕ್ಯಾಮೆರಾವನ್ನು ಹಾಲೇಶನ ಕೈಗೆ ತುರುಕಿ ಷಡಕ್ಷರಿ ಉರಿಯುತ್ತಲೇ ಹೋದ.

“ನಂಬಿಕೆ ಇಲ್ದೇ ಅಲ್ಲ ಕಣ್ರೀ” ಎಂದು ಆಕೆ ಶುರು ಮಾಡಿದಳು. “ನಮ್ಮವ್ವ ನಾನ್ ಏಳನೇ ಕ್ಲಾಸಲ್ಲಿದ್ದಾಗ್ಲೇ ಹೋಗ್ಬಿಟ್ಲು. ಅಪ್ಪನೇ ನಮ್ನ ಸಾಕಿದ್ದು. ಅಂತರಘಟ್ಟೆ ತೀರ್ಥಪ್ಪ ಅಂತ. ನನ್ ಮದುವೇಲಿ, ಹೆಂಡ್ತಿ ಇಲ್ದೋರು ಧಾರೆ ಎರೆಯಂಗಿಲ್ಲ ಅಂತ ದೊಡ್ಡಪ್ಪ ದೊಡ್ಡಮ್ಮ ಕೂತ್ರು. ಅಪ್ಪ ಮುಂದೆ ಬರ್ಲೇ ಇಲ್ಲ. ಬೆಳಗ್ಗಿಂದ ಅಡಿಗೆ ಮನೇಲೇ ಇದ್ರು, ಹೋಳಿಗೆ ಬಡ್ಸಿದ್ದೂ ಅವ್ರೇ, ಎಲೆ ಎತ್ಸಿದ್ದೂ ಅವ್ರೇ. ಮೂರ್ ಗಂಟೆಗೆ ನಾನೇ ಹಟ ಮಾಡಿ ಕೂಗಿ ಕರ್ದೆ. ಬನೀನು, ಹೆಗಲ್ ಮೇಲೆ ಟವೆಲ್ಲು, ಕೈಯಲ್ಲಿ ಹೂರಣ. ಹಂಗೇ ಬಂದು ಪಕ್ಕ ನಿಂತ್ರು. ನೀವು ಫ್ಲಾಶ್ ಹೊಡೆದ್ರಿ, ಆಯ್ತು ಇಳೀರಿ ಅಂದ್ರಿ.”

ಷಡಕ್ಷರಿ ಕೋಣೆಯ ಬಾಗಿಲನ್ನು ಮುಂದಕ್ಕೆ ತಳ್ಳಿದ.

“ಆಲ್ಬಂ ಬಂತು. ಅದೊಂದ್ ಇರ್ಲಿಲ್ಲ. ನಿಮ್ಮಂಗಡಿಗೆ ನಾನೇ ಬಂದು ಕೇಳಿದ್ದೆ. ಕಣ್ಣು ಮುಚ್ಬಿಟ್ಟಿದ್ರಮ್ಮ, ಅದಕ್ಕೇ ಹಾಕ್ಲಿಲ್ಲ ಅಂದ್ರಿ. ನನಗೆಂಥ ಸಿಟ್ಟು ಬಂತು ಅಂದ್ರೆ, ಸೀದಾ ಅಂತರಘಟ್ಟೆಗೆ ಹೋಗಿ ಅಪ್ಪನ್ನ ಬೈದ್ಬಿಟ್ಟೆ. ಅಷ್ಟೊತ್ತು ಕಣ್ ಬಿಟ್ಕೊಂಡಿರಕ್ಕೆ ಆಗ್ಲಿಲ್ವಾ ನಿನಗೆ ಅಂತ. ಪಾಪ, ಅಪ್ಪ ತಲೆ ತಗ್ಸಿ ಕೂತ್ರು. ಆಮೇಲೆ ಮೂರು ವರ್ಷ ಬದುಕಿದ್ರು. ನಮ್ಮನೆಗೆ ಬಂದಾಗೆಲ್ಲ ಆಲ್ಬಂ ತೆಗೆದ್ರೆ ಸಾಕು, ಹಾಳಾದ್ ಕಣ್ಣು ಕಣೇ, ನನ್ದೇ ತಪ್ಪು ಅನ್ನೋರು.”

ಆಕೆ ಪರ್ಸಿನಿಂದ ಹಳೆಯ ವೋಟರ್ ಕಾರ್ಡೊಂದನ್ನು ತೆಗೆದಳು. ಅಂಚು ಬಿಟ್ಟುಹೋಗಿದ್ದ ಪ್ಲಾಸ್ಟಿಕ್ಕಿನೊಳಗೆ ಒಬ್ಬ ಬಡಕಲು ಮುದುಕರ ಮುಖ. ಹುಬ್ಬು ಹಣೆಯ ಮಧ್ಯಕ್ಕೆ ಹೋಗಿತ್ತು. ಕಣ್ಣುಗುಡ್ಡೆ ಹೊರಗೆ ಬೀಳುವಷ್ಟು ಅಗಲವಾಗಿ ತೆರೆದಿತ್ತು, ಯಾರೋ ಹೆದರಿಸಿದ ಹಾಗೆ.

“ಸ್ಕೂಲಲ್ಲಿ ಕಾರ್ಡಿಗೆ ಫೋಟೋ ತೆಗ್ಯೋವಾಗ ಈ ಸಲ ಮುಚ್ಚಲ್ಲ ಅಂತ ಹೆಂಗ್ ಬಿಟ್ಕೊಂಡ್ ಕೂತವ್ರೆ ನೋಡಿ. ಊರೋರೆಲ್ಲ ನಗೋರು. ಅವ್ರುದು ಅಂತ ಇರೋದು ಇದೊಂದೇ.” ಕಾರ್ಡನ್ನು ಅವನ ಕೈಯಲ್ಲಿಟ್ಟಳು. “ಕಣ್ಣು ಮುಚ್ಚಿದ್ರೂ ಫಿಲ್ಮು ಅಂತ ಇದ್ದೇ ಇರುತ್ತಲ್ವಾ? ನೀವು ಹಳೇ ಫಿಲ್ಮೆಲ್ಲ ಇಟ್ಕೊಂಡಿದೀರಂತೆ. ಈಗ ಕಂಪ್ಯೂಟರಲ್ಲಿ ಒಂದು ಫೋಟೋದ್ ಕಣ್ಣು ಇನ್ನೊಂದಕ್ಕೆ ಹಾಕ್ತಾರಂತೆ. ಈ ಕಣ್ಣು ತಗೊಂಡು ಅದಕ್ಕೆ ಹಾಕ್ಕೊಡಿ. ಮೊದಲ್ನೇ ದಿನಾನೇ ಕೇಳ್ಬೇಕು ಅಂತಿದ್ದೆ, ಇಲ್ಲ ಅಂದ್ಬಿಟ್ರೆ ಅಂತ ಭಯ ಆಯ್ತು. ಅಶ್ವಿನಿ ಆಲ್ಬಮ್ಮಿನ ಮೊದಲ್ನೇ ಪುಟಕ್ಕೆ ಅದೇ ಬರ್ಲಿ.”

ಷಡಕ್ಷರಿಗೆ ತೀರ್ಥಪ್ಪನವರ ನೆನಪೇ ಇರಲಿಲ್ಲ. ಎಷ್ಟು ತಡಕಿದರೂ ಆ ಮುಖ ಸಿಗಲಿಲ್ಲ. ಆದರೆ ಬನೀನು, ಟವೆಲು, ಮೂರು ಗಂಟೆ ಎನ್ನುವ ಮೂರು ಮಾತು ಸಾಕಾಗಿತ್ತು. ಏನು ನಡೆದಿತ್ತೆಂದು ಅವನ ಹೆಬ್ಬೆರಳಿಗೆ ಗೊತ್ತಿತ್ತು. ಹುಡುಕ್ತೀನಮ್ಮ ಎಂದಷ್ಟೇ ಹೇಳಿ ಹೊರಗೆ ಬಂದ. ಅವತ್ತು ಸಂಜೆಯವರೆಗೆ ಆಕೆ ಕೇಳುವ ಮೊದಲೇ ಪ್ರತಿಯೊಂದು ಫೋಟೋವನ್ನೂ ಅವನಾಗಿಯೇ ತೋರಿಸಿದ. ಸಾರಿಗೆ ಇದೇನಾಯಿತೋ ಎಂದು ಹಾಲೇಶನಿಗೆ ಆಶ್ಚರ್ಯ.

ಮಾರನೆಯ ದಿನ ಅಟ್ಟದಿಂದ ಬಿಸ್ಕತ್ತಿನ ಡಬ್ಬಗಳನ್ನು ಇಳಿಸಿದ. ಹಳೆಯ ಫಿಲ್ಮುಗಳನ್ನೆಲ್ಲ ವಿಮಲಮ್ಮ ವರ್ಷದ ಪ್ರಕಾರ ಅದರಲ್ಲಿ ತುಂಬಿ ಇಟ್ಟಿದ್ದಳು. ಇಲ್ಲವೆಂದು ಗೊತ್ತಿದ್ದೂ ಹುಡುಕುವ ಕೆಲಸ ಎಂಥ ದರಿದ್ರದ್ದು ಎಂದು ಅವನಿಗೆ ತನ್ನ ಮೇಲೇ ರೇಗುತ್ತಿತ್ತು. ತೊಂಬತ್ತೆಂಟರ ಡಬ್ಬದಲ್ಲಿ ಯಶೋದಾಳ ಮದುವೆಯ ಎರಡು ರೀಲು ಸಿಕ್ಕಿದವು. ಎರಡನೆಯದನ್ನು ಬೆಳಕಿಗೆ ಹಿಡಿದು ಕೊನೆಗೆ ಬಂದ. ಮೂವತ್ತನಾಲ್ಕನೆಯ ಫೋಟೋದಲ್ಲಿ ಗಂಡಿನ ಕಡೆಯವರು ದೊಡ್ಡ ಹಂಡೆಯೊಂದನ್ನು ಉಡುಗೊರೆ ಕೊಡುತ್ತಿದ್ದಾರೆ. ಮೂವತ್ತೈದರಲ್ಲಿ ಮದುಮಗಳು ಯಶೋದಾ ಕ್ಯಾಮೆರಾ ನೋಡುತ್ತಿಲ್ಲ. ಪಕ್ಕಕ್ಕೆ ತಿರುಗಿ, ಬಾಯಿ ತೆರೆದು, ಕೈ ಮುಂದೆ ಮಾಡಿ ಯಾರನ್ನೋ ಕರೆಯುತ್ತಿದ್ದಾಳೆ. ಆ ಮುಖ ಕೆಟ್ಟದಾಗಿ ಬಂದಿದೆಯೆಂದು ಆಗ ಅವನು ಪ್ರಿಂಟು ಹಾಕಿರಲಿಲ್ಲ. ಮೂವತ್ತಾರರಲ್ಲಿ ಹೆಣ್ಣು ಕಾರು ಹತ್ತುತ್ತಿದ್ದಾಳೆ. ಮೂವತ್ತೈದಕ್ಕೂ ಮೂವತ್ತಾರಕ್ಕೂ ನಡುವೆ ಕಡ್ಡಿ ಅಗಲದ ಖಾಲಿ ಪಟ್ಟಿ, ಎಲ್ಲ ಫಿಲ್ಮಿನಲ್ಲೂ ಇರುವಂಥದ್ದೇ. ತೀರ್ಥಪ್ಪನವರು ನಿಂತದ್ದು ಅಲ್ಲಿ.

ಹಾಲೇಶನಿಗೆ ಹೇಳಲೇಬೇಕಾಯಿತು. ಅವನು ಕೇಳಿ ನಕ್ಕುಬಿಟ್ಟ. “ಅಯ್ಯೋ ಸಾರ್, ಇಷ್ಟಕ್ಕೆ ಯಾಕ್ ತಲೆ ಕೆಡಿಸ್ಕೋತೀರಿ? ಕಾರ್ಡಲ್ಲಿ ಮುಖ ಐತೆ, ಆಯಮ್ಮನ ಮದುವೆ ಫೋಟೋ ಐತೆ. ಐದ್ ನಿಮಿಷದ ಕೆಲಸ.” ನಿಜವಾಗಿಯೂ ಅಷ್ಟೇ ಹೊತ್ತು ಹಿಡಿಯಿತು. ಕಂಪ್ಯೂಟರಿನ ಪರದೆಯ ಮೇಲೆ ತೀರ್ಥಪ್ಪನವರು ಕೆನೆಬಣ್ಣದ ರೇಷ್ಮೆ ಅಂಗಿ ತೊಟ್ಟು, ಮಗಳ ಭುಜದ ಮೇಲೆ ಕೈಯಿಟ್ಟು ನಗುತ್ತಾ ನಿಂತಿದ್ದರು. ಕಣ್ಣು ಹದವಾಗಿ ತೆರೆದಿತ್ತು. ಷಡಕ್ಷರಿ ಮೂವತ್ತು ವರ್ಷದಲ್ಲಿ ತೆಗೆದ ಯಾವ ಅಪ್ಪ ಮಗಳ ಫೋಟೋವೂ ಇಷ್ಟು ನೆಮ್ಮದಿಯಾಗಿ ಬಂದಿರಲಿಲ್ಲ. ಷಡಕ್ಷರಿ ಅದನ್ನು ಪ್ರಿಂಟು ಹಾಕಿಸಿ ಲಕೋಟೆಯೊಳಗೂ ಇಟ್ಟ.

ಎರಡು ದಿನ ಆ ಲಕೋಟೆ ಮೇಜಿನ ಮೇಲೇ ಇತ್ತು. ಕೊಟ್ಟುಬಿಟ್ಟರೆ ಆಕೆಗೆ ಸಂತೋಷ, ತನಗೆ ಬಿಡುಗಡೆ, ಯಾರಿಗೂ ನಷ್ಟವಿಲ್ಲ. ಇದನ್ನೇ ತನಗೆ ತಾನೇ ಹತ್ತು ಸಲ ಹೇಳಿಕೊಂಡ. ಆದರೆ ಕೊಡುವಾಗ ಏನೆಂದು ಕೊಡುವುದು? ಮುಚ್ಚಿದ್ದ ಕಣ್ಣನ್ನು ಬಿಡಿಸಿದ್ದೇನಮ್ಮ ಎನ್ನಬೇಕು. ಹಾಗೆಂದ ಮೇಲೆ ತೀರ್ಥಪ್ಪನವರು ಆ ದಿನ ಕಣ್ಣು ಮುಚ್ಚಿದ್ದೇ ಖಾಯಂ ಆಗಿಹೋಗುತ್ತದೆ. ಮೊಮ್ಮಗಳ ಆಲ್ಬಮ್ಮಿನ ಮೊದಲ ಪುಟ ತೆಗೆದಾಗಲೆಲ್ಲ ಅದೇ ಕಥೆ ಹೇಳುತ್ತಾರೆ, ನಮ್ಮ ತಾತ ಫೋಟೋದಲ್ಲಿ ಕಣ್ಣು ಮುಚ್ಚಿಬಿಟ್ಟಿದ್ದರು ಎಂದು. ಬೆಳಗ್ಗೆಯಿಂದ ನಿಂತು ಬಡಿಸಿ, ಕೈಯಲ್ಲಿ ಹೂರಣ ಮೆತ್ತಿಕೊಂಡು ಓಡಿ ಬಂದವರನ್ನು ಆವತ್ತು ಅಡಿಗೆಯವನೆಂದು ಕಳಿಸಿದ್ದು ಸಾಲದೇ? ಥೂ ಎಂದುಕೊಂಡು ಲಕೋಟೆಯನ್ನು ಹರಿದು ಬುಟ್ಟಿಗೆ ಹಾಕಿದ. ಹಾಲೇಶ ಪೆಚ್ಚಾದ.

ಆಲ್ಬಂ ತೆಗೆದುಕೊಂಡು ಹೋಗಲು ಯಶೋದಾ ಮೇ ತಿಂಗಳಲ್ಲಿ ಒಬ್ಬಳೇ ಬಂದಳು. ಪುಟ ಪುಟವನ್ನೂ ನೋಡಿದಳು. ಕಿಟಕಿಯ ಹತ್ತಿರದ ಮಗಳ ಫೋಟೋ ಕಂಡು, “ಎಷ್ಟ್ ಚೆನ್ನಾಗ್ ಬಂದಿದೆ ಕಣ್ರೀ” ಎಂದು ಬಾಯಿ ತುಂಬಾ ಹೇಳಿದಳು. ಮತ್ತೆ ಹಿಂದಕ್ಕೆ ತಿರುವಿ ಮೊದಲ ಪುಟಕ್ಕೆ ಬಂದಳು. ಅದು ಖಾಲಿ ಇತ್ತು.

“ಸಿಗ್ಲಿಲ್ವಾ?”

ಷಡಕ್ಷರಿ ವೋಟರ್ ಕಾರ್ಡನ್ನೂ, ಮೂವತ್ತೈದನೆಯ ಫೋಟೋದ ಹೊಸ ಪ್ರಿಂಟನ್ನೂ ಆಕೆಯ ಮುಂದಿಟ್ಟ. “ಇದರ ಮುಂದಿಂದು ನೀವು ಕಾರ್ ಹತ್ತೋದು. ನಡುವೆ ಏನೂ ಇಲ್ಲ. ಆವತ್ತು ನಾನು ಫೋಟೋ ತೆಗೀಲೇ ಇಲ್ಲಮ್ಮ.”

“ಫ್ಲಾಶ್ ಬಂತಲ್ರೀ. ನಾನೇ ನೋಡಿದೀನಿ.”

“ಫ್ಲಾಶ್ ಬಂತು. ರೀಲು ಮುಗೀತಾ ಬಂದಿತ್ತು, ಒಂದೇ ಉಳ್ದಿತ್ತು. ಆಗೆಲ್ಲ ಬರೀ ಬೆಳಕು ಹೊಡೆದು ಕಳಿಸ್ತಿದ್ವಿ, ಬೇಡದೋರಿಗೆ.” ಆ ಮಾತು ಬಾಯಿಂದ ಬಂದ ಮೇಲೆ ಅವನಿಗೆ ತಲೆಯೆತ್ತಲು ಆಗಲಿಲ್ಲ. “ಟವೆಲ್ಲು ನೋಡಿ ಅಡಿಗೆಯೋರು ಅಂದ್ಕೊಂಡಿರ್ತೀನಿ.”

ಯಶೋದಾಗೆ ಅದು ಅರ್ಥವಾಗಲು ಹೊತ್ತು ಹಿಡಿಯಿತು. “ಮತ್ತೆ ಕಣ್ಣು ಮುಚ್ಚಿದ್ರು ಅಂದ್ರಲ್ಲ?”

“ಕೇಳಿದೋರಿಗೆಲ್ಲ ಹಂಗೇ ಹೇಳ್ತಿದ್ವಿ.”

“ಮುಚ್ಚಿದ್ರೋ ಬಿಟ್ಟಿದ್ರೋ, ಅದಾದ್ರೂ ನೋಡಿದ್ರಾ ನೀವು?”

“ಇಲ್ಲಮ್ಮ. ನೋಡ್ಲಿಲ್ಲ.”

ಆಗ ಆಕೆಗೆ ಬಂದ ಸಿಟ್ಟನ್ನು ಷಡಕ್ಷರಿ ಯಾವ ಮದುವೆಯಲ್ಲೂ ಕಂಡಿರಲಿಲ್ಲ. ಮೇಜಿಗೆ ಕೈ ಅಪ್ಪಳಿಸಿದಳು. “ಏನ್ ಮನುಷ್ಯರ್ರೀ ನೀವು? ಒಂದ್ ಫೋಟೋ ಹೋದ್ರೆ ಹೋಗ್ಲಿ, ತೆಗೀಲಿಲ್ಲ ಅಂತ ಹೇಳಿದ್ರೆ ಅವತ್ತೇ ಅಪ್ಪನ್ನ ಕರ್ಕೊಂಡ್ ಬಂದು ನಿಮ್ಮಂಗಡೀಲೇ ಕೂರ್ಸಿ ತೆಗೆಸ್ತಿದ್ದೆ. ಇನ್ನೂ ಮೂರು ವರ್ಷ ಇದ್ರಲ್ರೀ! ಕರೆದಾಗೆಲ್ಲ, ಇನ್ನು ಕ್ಯಾಮೆರಾ ಮುಂದೆ ನನ್ನ ನಿಲ್ಲಿಸ್ಬೇಡ ಕಣೇ, ನಿನ್ ಫೋಟೋನೂ ಕೆಡಿಸ್ಬಿಡ್ತೀನಿ ಅಂತ ದೂರ ಹೋಗೋರು. ಅದಕ್ಕೇ ಈ ಕಾರ್ಡ್ ಬಿಟ್ರೆ ಒಂದೂ ಇಲ್ಲ ನಮ್ಮತ್ರ.”

ಷಡಕ್ಷರಿ ಬೈಗುಳವನ್ನೆಲ್ಲ ನಿಂತುಕೊಂಡೇ ಕೇಳಿದ. ಬೈದು ಬೈದು ಆಕೆಯ ಧ್ವನಿ ಇಳಿಯಿತು. ಮೂವತ್ತೈದನ್ನು ಎತ್ತಿಕೊಂಡು ನೋಡಿದಳು. “ಅಪ್ಪನ್ನ ಕರೀತಿದೀನಿ ಇಲ್ಲಿ” ಎಂದು ಯಾರಿಗೆಂದಿಲ್ಲದೆ ಹೇಳಿ, ಅದನ್ನು ಆಲ್ಬಮ್ಮಿನ ಮೊದಲ ಪುಟದ ಮೇಲಿಟ್ಟು ಮುಚ್ಚಿದಳು.

ಆಮೇಲೆ ವೋಟರ್ ಕಾರ್ಡನ್ನು ಕೈಗೆ ತೆಗೆದುಕೊಂಡಳು. ತೀರ್ಥಪ್ಪನವರು ಹುಬ್ಬೇರಿಸಿಕೊಂಡು, ರೆಪ್ಪೆ ಬಡಿಯದೆ ಮಗಳನ್ನೇ ನೋಡುತ್ತಿದ್ದರು. ಪ್ಲಾಸ್ಟಿಕ್ಕಿನ ಮೇಲೆ ಆ ಕಣ್ಣುಗಳನ್ನು ಯಶೋದಾ ಹೆಬ್ಬೆರಳಿನಿಂದ ಮೆಲ್ಲಗೆ ಸವರಿದಳು.

“ಸಾಕು ಬಿಡಪ್ಪಾ” ಎಂದಳು. “ಇನ್ನು ಕಣ್ಣು ಮುಚ್ಕೋ.”

ಕಾರ್ಡನ್ನು ಪರ್ಸಿನೊಳಗಿಟ್ಟು ಜಿಪ್ಪು ಎಳೆದು, ಷಡಕ್ಷರಿಯ ಕಡೆ ನೋಡದೆ ಆಲ್ಬಮ್ ಎತ್ತಿಕೊಂಡು ಹೊರಟಳು.